ಲೆಕ್ಕದ ಪುಸ್ತಕ ನಮ್ಮದು, ಬೀಗದ ಕೈ ಯಾರದು?

ಸಂಘದ ಲೆಕ್ಕಪತ್ರಗಳನ್ನು ಹೊಸದಾಗಿ ಗಣಕೀಕರಿಸುವ ವಿಷಯ ಬರುವ ವಾರ್ಷಿಕ ಮಹಾಸಭೆಯ ಮುಂದೆ ಬರಲಿರುವುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಈ ಕೆಲಸಕ್ಕಾಗಿ ಮೂರು ಕಡೆಯಿಂದ ದರಪಟ್ಟಿಗಳು ಬಂದಿವೆ. ಒಬ್ಬರು ಜಾವಾ ಭಾಷೆಯಲ್ಲಿ ಮಾಡಿಕೊಡುತ್ತೇವೆ ಎನ್ನುತ್ತಾರೆ; ಎರಡನೆಯವರು ಸಿ ಶಾರ್ಪ್ ಎನ್ನುತ್ತಾರೆ; ಮೂರನೆಯವರದು ಪಿಎಚ್‌ಪಿ. ತಮ್ಮದೇ ಮೇಲು, ಉಳಿದವು ಬಾಳಿಕೆ ಬರುವುದಿಲ್ಲ ಎಂಬ ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು. ಮಕ್ಕಳು ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ಕೆಲವು ಸದಸ್ಯರು, ಈಗ ಪೈಥಾನಿನ ಕಾಲ, ಅದನ್ನೇ ಹಾಕಿಸಿ ಎಂದು ಸಲಹೆ ಕೊಟ್ಟಿದ್ದಾರೆ. ಇನ್ನು ಕೆಲವರು, ಅಡಕೆ ಕಾಫಿ ಮಾರುವ ಸಂಘಕ್ಕೆ ಈ ಭಾಷೆಗಳ ಜಗಳ ಏಕೆ ಎಂದು ಕೇಳಿದ್ದಾರೆ. ಇಬ್ಬರ ಮಾತಿನಲ್ಲೂ ಅರ್ಥವಿದೆ. ಹಣ ಸದಸ್ಯರದಾದ್ದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸಭೆಗೆ ಮುಂಚೆಯೇ ಇಲ್ಲಿ ನಿವೇದಿಸುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಈಗಿನ ಸ್ಥಿತಿ ನೋಡೋಣ. ಉಗ್ರಾಣದಲ್ಲಿ ತೂಕದ ಚೀಟಿ ಬರೆಯುವ ಯಂತ್ರ ಒಂದು. ಅದರ ಮಾಹಿತಿ ಮೈಕ್ರೋಸಾಫ್ಟ್ ಆಕ್ಸೆಸ್ ಕಡತದಲ್ಲಿದೆ. ಜಮಾ ಖರ್ಚು ಟ್ಯಾಲಿಯಲ್ಲಿದೆ. ಗೊಬ್ಬರ, ಮೈಲುತುತ್ತ ಮಾರುವ ವಿಭಾಗದ ಬಿಲ್ಲುಗಳು ಮೈಎಸ್‌ಕ್ಯೂಎಲ್‌ನಲ್ಲಿವೆ. ಷೇರು ಮತ್ತು ಸಾಲದ ಖಾತೆಗಳು ಬಹುಕಾಲ ಫಾಕ್ಸ್‌ಪ್ರೋದಲ್ಲಿದ್ದವು. ನಾಲ್ಕು ಕಾಲದಲ್ಲಿ ನಾಲ್ವರು ಮಾಡಿಕೊಟ್ಟ ವ್ಯವಸ್ಥೆಗಳಿವು. ಒಂದಕ್ಕೆ ಇನ್ನೊಂದರ ಮಾತು ತಿಳಿಯದು. ಒಬ್ಬ ಸದಸ್ಯ ಈ ವರ್ಷ ಎಷ್ಟು ಕ್ವಿಂಟಲ್ ರಾಶಿ ಅಡಕೆ ಹಾಕಿದ್ದಾನೆ, ಎಷ್ಟು ಮೂಟೆ ರೊಬಸ್ಟಾ ಚೆರಿ ಕೊಟ್ಟಿದ್ದಾನೆ, ಗೊಬ್ಬರದ ಬಾಕಿ ಎಷ್ಟು, ಸಾಲದ ಕಂತು ಎಷ್ಟು ಎಂದು ಒಂದೇ ಹಾಳೆಯಲ್ಲಿ ನೋಡಬೇಕಾದರೆ ಗುಮಾಸ್ತರು ನಾಲ್ಕು ಮೇಜುಗಳಿಗೆ ಹೋಗಿ ನಾಲ್ಕು ಕಾಗದ ತಂದು ಕೈಯಲ್ಲಿ ಕೂಡಬೇಕು. ಗಣಕಯಂತ್ರ ಬಂದ ಮೇಲೂ ಬೆರಳು ಮಡಿಸಿ ಎಣಿಸುವುದು ತಪ್ಪಲಿಲ್ಲ.

ಸಾಲದ ಖಾತೆಗಳನ್ನು ಫಾಕ್ಸ್‌ಪ್ರೋದಿಂದ ಹೊಸ ವ್ಯವಸ್ಥೆಗೆ ವರ್ಗಾಯಿಸಿದ ವರ್ಷ ನಡೆದದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. ಸಾಲ ತೀರಿಸಿದ್ದ ಕೆಲವರಿಗೆ ಬಾಕಿಯ ನೋಟೀಸು ಹೋಯಿತು. ಎಪ್ಪತ್ತು ದಾಟಿದ ಸದಸ್ಯೆಯೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ರಸೀದಿ ಹಿಡಿದು, ಎರಡು ಬಸ್ಸು ಬದಲಿಸಿ ಕಚೇರಿಗೆ ಬಂದರು. "ಕಾರ್ಯದರ್ಶಿಗಳೇ, ತೀರಿಸಿದ ಸಾಲಕ್ಕೆ ಮತ್ತೆ ನೋಟೀಸು ಬರ್ತದಾ? ನಮ್ಮನೆಯವರು ಹೋದ ಮೇಲೆ ನಾನು ಯಾರ ಹತ್ರವೂ ಒಂದು ಪೈಸೆ ಇಟ್ಟುಕೊಂಡಿಲ್ಲ" ಎಂದರು. ಅವರನ್ನು ಕೂರಿಸಿ, "ತಪ್ಪು ನಮ್ಮದು ಅಮ್ಮ, ನಿಮ್ಮದಲ್ಲ" ಎಂದು ಹೇಳಿದೆವು, ಲಿಖಿತವಾಗಿಯೂ ಕೊಟ್ಟೆವು. ಆದರೆ ಆ ದಿನ ಅವರ ಮುಖದಲ್ಲಿ ಕಂಡ ಅವಮಾನಕ್ಕೆ ಪರಿಹಾರ ಕೊಡುವ ಉಪಾಯ ನಮ್ಮ ಬಳಿ ಇರಲಿಲ್ಲ.

ಕಾರಣವನ್ನು ಆಮೇಲೆ ಹುಡುಕಿದೆವು. ಫಾಕ್ಸ್‌ಪ್ರೋ, ಡಿಬೇಸ್ ಮುಂತಾದವುಗಳ ಡಿಬಿಎಫ್ ಕಡತದಲ್ಲಿ ಒಂದು ನಮೂದನ್ನು ಅಳಿಸಿದರೆ ಅದು ಕೂಡಲೇ ಹೋಗುವುದಿಲ್ಲ. ಅದರ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ಪ್ಯಾಕ್ ಎಂಬ ಆಜ್ಞೆ ಕೊಟ್ಟಾಗ ಮಾತ್ರ ಅದು ನಿಜವಾಗಿ ಹೋಗುತ್ತದೆ. ನಮ್ಮ ಗುಮಾಸ್ತರು ವರ್ಷಗಟ್ಟಲೆ ತಪ್ಪಾದ ನಮೂದುಗಳನ್ನು ಅಳಿಸಿ ಬೇರೆ ಬರೆದಿದ್ದರು, ಪ್ಯಾಕ್ ಮಾಡಿರಲಿಲ್ಲ. ವರ್ಗಾವಣೆಯ ಪ್ರೋಗ್ರಾಮ್ ಬರೆದವರು ಬೇರೆ ಭಾಷೆಯವರು; ಆ ನಕ್ಷತ್ರವನ್ನು ನೋಡಲಿಲ್ಲ. ಕಿರ್ದಿ ಪುಸ್ತಕದಲ್ಲಿ ಗೆರೆ ಹೊಡೆದ ಸಾಲನ್ನೂ ಲೆಕ್ಕಕ್ಕೆ ಹಿಡಿದಂತಾಯಿತು. ಹಳೆಯ ಪ್ರೋಗ್ರಾಮ್ ಬರೆದವರನ್ನು ಕೇಳೋಣವೆಂದರೆ ಅವರು ಊರು ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಖಾತೆಗಳು ನಮ್ಮವಾಗಿದ್ದವು, ಓದುವ ಬಗೆ ಮಾತ್ರ ಅವರೊಬ್ಬರಿಗೇ ಗೊತ್ತಿತ್ತು.

ಈ ಅನುಭವದಿಂದ ನಾವು ಕಲಿತದ್ದು ಇಷ್ಟು: ಪ್ರೋಗ್ರಾಮಿನ ಭಾಷೆ ಯಾವುದು ಎಂಬುದು ಕಡೆಗೆ ಕೇಳಬೇಕಾದ ಪ್ರಶ್ನೆ. ನಮ್ಮ ಮಾಹಿತಿ ಎಲ್ಲಿ, ಯಾವ ರೂಪದಲ್ಲಿ ಇರುತ್ತದೆ, ಅದನ್ನು ಮಾಡಿಕೊಟ್ಟವರ ಹಂಗಿಲ್ಲದೆ ಬೇರೆಯವರು ಓದಬಹುದೇ ಎಂಬುದು ಮೊದಲ ಪ್ರಶ್ನೆ.

ಭಾಷೆಗಳು ಎಷ್ಟು ಕಾಲ ಬಾಳುತ್ತವೆ ಎಂಬುದನ್ನು ಸ್ವಲ್ಪ ನೋಡಿ. ಫಾಕ್ಸ್‌ಪ್ರೋವನ್ನು ಮೈಕ್ರೋಸಾಫ್ಟ್ ಕಂಪನಿ 1992ರಲ್ಲಿ ಕೊಂಡಿತು; ಅದರ ಕೊನೆಯ ಆವೃತ್ತಿ 2004ರಲ್ಲಿ ಬಂತು; 2015ರ ಜನವರಿಗೆ ಕಂಪನಿಯ ಬೆಂಬಲವೂ ನಿಂತಿತು. ಒಂದು ಕಾಲಕ್ಕೆ ಎಲ್ಲ ಕಚೇರಿಗಳಲ್ಲೂ ಇದ್ದ ವಿಶುವಲ್ ಬೇಸಿಕ್ 6 ಬಂದದ್ದು 1998ರಲ್ಲಿ. ಬೆಂಬಲ ನಿಂತದ್ದು 2008ರಲ್ಲಿ. ಪೈಥಾನಿನ ಎರಡನೆಯ ಪೀಳಿಗೆಗೂ 2020ರ ಜನವರಿ 1ಕ್ಕೆ ಅಂತ್ಯವಾಯಿತು. ಹಳೆಯ ಪ್ರೋಗ್ರಾಮುಗಳನ್ನು ಮೂರನೆಯ ಪೀಳಿಗೆಗೆ ತಿದ್ದಿ ಬರೆಯಬೇಕಾಯಿತು. ಅದೇ 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್ ದೊಡ್ಡ ಬ್ಯಾಂಕುಗಳಲ್ಲಿ ಇಂದಿಗೂ ದುಡಿಯುತ್ತಿದೆ. ಆದರೆ ನಮ್ಮ ತಾಲ್ಲೂಕಿನಲ್ಲಿ ಅದನ್ನು ಬಲ್ಲವರನ್ನು ಹುಡುಕುವುದು ಕಷ್ಟ. ನಾವು ಅಡಕೆ ಗಿಡ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವವರು, ಅದೇ ಮರದಿಂದ ನಲವತ್ತು ವರ್ಷ ಉಣ್ಣುವವರು. ಸದಸ್ಯರ ಷೇರಿನ ಖಾತೆಯೂ ಅಪ್ಪನಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಹೋಗುವಂಥದು. ಹತ್ತು ವರ್ಷದ ಭಾಷೆಗೆ ಐವತ್ತು ವರ್ಷದ ಖಾತೆಯನ್ನು ಕಟ್ಟಿಹಾಕಬಾರದು.

ಹಾಗಾದರೆ ಬಾಳುವಂಥದು ಏನೂ ಇಲ್ಲವೇ? ಇದೆ. 1970ರಲ್ಲಿ ಐಬಿಎಂ ಕಂಪನಿಯ ಸಂಶೋಧಕ ಎಡ್ಗರ್ ಕಾಡ್ ಎಂಬವರು, ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿ ಇಡಬೇಕು, ಕೋಷ್ಟಕಗಳ ನಡುವಿನ ಸಂಬಂಧ ಅವುಗಳಲ್ಲಿರುವ ಸಂಖ್ಯೆಗಳಿಂದಲೇ ತಿಳಿಯಬೇಕು ಎಂದು ಪ್ರತಿಪಾದಿಸಿದರು. ಸದಸ್ಯರ ಪಟ್ಟಿ ಒಂದು ಕೋಷ್ಟಕ, ತೂಕದ ಚೀಟಿಗಳು ಇನ್ನೊಂದು. ಎರಡರಲ್ಲೂ ಇರುವ ಸದಸ್ಯ ಸಂಖ್ಯೆಯೇ ಅವೆರಡರ ಕೊಂಡಿ. ಈ ಕೋಷ್ಟಕಗಳನ್ನು ಪ್ರಶ್ನಿಸಲು 1974ರಲ್ಲಿ ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ರೂಪಿಸಿದ ಭಾಷೆಯೇ ಈಗ ಎಸ್‌ಕ್ಯೂಎಲ್ ಎಂದು ಹೆಸರಾಗಿದೆ. ಅದು 1986ರಲ್ಲಿ ಅಮೆರಿಕದ ಮಾನಕವೂ 1987ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಐವತ್ತು ವರ್ಷ ಕಳೆದರೂ ಒರಾಕಲ್, ಡಿಬಿ2, ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎಲ್ಲಕ್ಕೂ ಇದೇ ಮಾತು ಅರ್ಥವಾಗುತ್ತದೆ.

ಇದರ ಗುಣ ಒಂದುಂಟು. ಕೊನೆಗಾರನಿಗೆ ನಾವು "ಮೇಲಿನ ತೋಟದಲ್ಲಿ ಬಲಿತ ಕೊನೆ ಇಳಿಸು" ಎನ್ನುತ್ತೇವೆ. ಯಾವ ಮರ ಮೊದಲು ಹತ್ತಬೇಕು, ಯಾವ ಮರದಿಂದ ಯಾವ ಮರಕ್ಕೆ ದಾಟಬೇಕು ಎಂದು ಕೆಳಗೆ ನಿಂತು ಹೇಳುವುದಿಲ್ಲ. ಅದು ಅವನ ವಿದ್ಯೆ. ಎಸ್‌ಕ್ಯೂಎಲ್‌ನಲ್ಲಿಯೂ ನಮಗೆ ಏನು ಬೇಕು ಎಂದಷ್ಟೇ ಬರೆಯುವುದು. ಹುಡುಕುವ ಬಗೆಯನ್ನು ಡೇಟಾಬೇಸ್ ತಾನೇ ನಿರ್ಧರಿಸುತ್ತದೆ. ಆದ್ದರಿಂದ ಜಾವಾದಿಂದ ಕೇಳಿದರೂ ಪೈಥಾನಿನಿಂದ ಕೇಳಿದರೂ ಪ್ರಶ್ನೆ ಒಂದೇ.

ಭಾಷೆಗೂ ಡೇಟಾಬೇಸಿಗೂ ನಡುವೆ ಸೇತುವೆಗಳೂ ಇವೆ. ಮೈಕ್ರೋಸಾಫ್ಟ್ 1992ರಲ್ಲಿ ತಂದ ಓಡಿಬಿಸಿ, ಜಾವಾಕ್ಕೆ 1997ರಲ್ಲಿ ಬಂದ ಜೆಡಿಬಿಸಿ, ಪೈಥಾನಿನ ಡಿಬಿ-ಎಪಿಐ, ಪಿಎಚ್‌ಪಿಗೆ 2005ರಲ್ಲಿ ಬಂದ ಪಿಡಿಒ ಇಂಥವು. ಒಂದೊಂದು ಡೇಟಾಬೇಸಿಗೂ ಒಂದೊಂದು ಡ್ರೈವರ್ ಹಾಕಿಕೊಂಡರೆ ಆಯಿತು. ಮೇಲಿನ ಪ್ರೋಗ್ರಾಮಿನ ಬಹುಪಾಲು ಹಾಗೆಯೇ ಉಳಿಯುತ್ತದೆ. ನಮ್ಮ ಆಕ್ಸೆಸ್ ಕಡತಕ್ಕೂ ಮೈಎಸ್‌ಕ್ಯೂಎಲ್‌ಗೂ ಓಡಿಬಿಸಿ ದಾರಿ ಇದೆ. ಟ್ಯಾಲಿಯಿಂದಲೂ ಆ ದಾರಿಯಲ್ಲಿ ಮಾಹಿತಿ ಓದಿಕೊಳ್ಳಬಹುದು. ಅಂದರೆ ಇರುವುದನ್ನೆಲ್ಲ ಒಂದೇ ದಿನ ಕಿತ್ತೆಸೆಯಬೇಕಾಗಿಲ್ಲ.

ಆದರೆ ಮಾನಕ ಬಂದರೂ ಊರೂರಿನ ಅಭ್ಯಾಸ ಪೂರ್ತಿ ಹೋಗುವುದಿಲ್ಲ. 1956ರ ತೂಕ ಅಳತೆಯ ಕಾಯಿದೆ ಬಂದು ಕಿಲೋ ಜಾರಿಯಾದ ಮೇಲೂ ನಮ್ಮ ಹಿರಿಯರು ಮಣದ ಲೆಕ್ಕ ಬಿಡಲಿಲ್ಲ. ಆ ಮಣವಾದರೂ ಒಂದೊಂದು ಪೇಟೆಗೆ ಒಂದೊಂದು. ಎಸ್‌ಕ್ಯೂಎಲ್ ಕಥೆಯೂ ಹಾಗೆಯೇ. ಮೊದಲ ಹತ್ತು ಹೆಸರು ಕೊಡು ಎನ್ನಲು ಎಸ್‌ಕ್ಯೂಎಲ್ ಸರ್ವರ್‌ಗೆ ಟಾಪ್ ಎನ್ನಬೇಕು, ಮೈಎಸ್‌ಕ್ಯೂಎಲ್‌ಗೆ ಲಿಮಿಟ್ ಎನ್ನಬೇಕು. ಬರೆಯದೆ ಖಾಲಿ ಬಿಟ್ಟ ಫೋನ್ ನಂಬರನ್ನು ಒರಾಕಲ್ "ಗೊತ್ತಿಲ್ಲ" ಎಂದು ತಿಳಿಯುತ್ತದೆ. ಉಳಿದವು ಖಾಲಿ ಬೇರೆ, ಗೊತ್ತಿಲ್ಲದ್ದು ಬೇರೆ ಎನ್ನುತ್ತವೆ. 04-03 ಎಂದು ಬರೆದರೆ ಒಂದು ವ್ಯವಸ್ಥೆ ಮಾರ್ಚ್ 4 ಎಂದು ಓದೀತು, ಇನ್ನೊಂದು ಏಪ್ರಿಲ್ 3 ಎಂದೀತು. ಮಾರ್ಚ್ 31ರೊಳಗೆ ಕಟ್ಟಿದ ಕಂತು ಕಟ್ಟಿಲ್ಲವೆಂದಾಗಲು ಅಷ್ಟು ಸಾಕು. ಆದಕಾರಣ, ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ದಾಟಿಸತಕ್ಕದ್ದು, ಸಾಧ್ಯವಿದ್ದಷ್ಟೂ ಮಾನಕ ಎಸ್‌ಕ್ಯೂಎಲ್ ಬಳಸತಕ್ಕದ್ದು ಎಂದು ಕರಾರಿನಲ್ಲೇ ಬರೆಸಬೇಕು.

ಈಗ ಭಾಷೆಯ ವಿಚಾರ. ಯಾವ ಭಾಷೆ ಬಂದರೂ ನಾವು ಪರೀಕ್ಷಿಸಿ ನೋಡಬೇಕಾದ ನಾಲ್ಕು ಸಂಗತಿಗಳಿವೆ.

ಮೊದಲನೆಯದು ಪೈಸೆ. ಅನೇಕ ಭಾಷೆಗಳಲ್ಲಿ ದಶಮಾಂಶ ಸಂಖ್ಯೆಯನ್ನು ಯಂತ್ರ ತನ್ನ ದ್ವಿಮಾನ ಪದ್ಧತಿಯಲ್ಲಿ ಅಂದಾಜಾಗಿ ಇಟ್ಟುಕೊಳ್ಳುತ್ತದೆ. ಪೈಥಾನಿನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಎಂದು ಬರುತ್ತದೆ. ಒಂದು ಚೀಟಿಯಲ್ಲಿ ಇದು ಕಾಣದು. ಬಡ್ಡಿಯ ಲೆಕ್ಕದಲ್ಲಿ ಪೈಸೆ ಹೊಂದದೆ ಲೆಕ್ಕಪರಿಶೋಧಕರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಕೋಬಾಲ್ ಹುಟ್ಟಿನಿಂದಲೇ ವ್ಯಾಪಾರದ ಭಾಷೆಯಾದ್ದರಿಂದ ಅದರಲ್ಲಿ ದಶಮಾಂಶ ನೇರವಾಗಿದೆ. ಜಾವಾದಲ್ಲಿ ಬಿಗ್‌ಡೆಸಿಮಲ್, ಪೈಥಾನಿನಲ್ಲಿ ಡೆಸಿಮಲ್, ಡೇಟಾಬೇಸಿನಲ್ಲಿ ನ್ಯೂಮೆರಿಕ್ ಎಂಬ ಬಗೆಗಳಿವೆ. ಹಣಕ್ಕೂ ತೂಕಕ್ಕೂ ಅವನ್ನೇ ಬಳಸಬೇಕು.

ಎರಡನೆಯದು ಕನ್ನಡ. ನಮ್ಮ ಹಳೆಯ ಸದಸ್ಯರ ಪಟ್ಟಿ ಹಿಂದಿನ ಕಾಲದ ಫಾಂಟಿನಲ್ಲಿದೆ. ಅಂಥವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಜಾಗವಿದೆ. ಫಾಕ್ಸ್‌ಪ್ರೋಗೆ ಯೂನಿಕೋಡ್ ಬಾರದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಂಕಣದ ಬಗೆಯನ್ನು ಸರಿಯಾಗಿ ಆರಿಸದಿದ್ದರೆ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ; ಒಮ್ಮೆ ಹಾಗಾದರೆ ಹೆಸರು ಮರಳಿ ಬರುವುದಿಲ್ಲ. ದರ ಹೇಳುವವರು ನಮ್ಮ ಸದಸ್ಯರ ಪಟ್ಟಿಯನ್ನು ಯೂನಿಕೋಡ್‌ನಲ್ಲಿ ಒಳಗೆ ಹಾಕಿ, ಅಕಾರಾದಿಯಾಗಿ ಹೊರಗೆ ತೆಗೆದು ನಮ್ಮೆದುರಿಗೆ ತೋರಿಸಲಿ.

ಮೂರನೆಯದು ಭದ್ರತೆ. ಎಸ್‌ಕ್ಯೂಎಲ್‌ನಲ್ಲಿ ಹೆಸರುಗಳನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯುತ್ತಾರೆ. ನಮ್ಮಲ್ಲಿ ಡಿ'ಸೋಜ ಎಂಬ ಮನೆತನದ ಬೆಳೆಗಾರರು ಬೇಕಾದಷ್ಟು ಜನ ಇದ್ದಾರೆ. ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಬರುವ ಆ ಚಿಹ್ನೆಯೇ ಪ್ರಶ್ನೆ ಇಲ್ಲಿಗೆ ಮುಗಿಯಿತು ಎಂದು ಡೇಟಾಬೇಸಿಗೆ ಹೇಳಿಬಿಡುತ್ತದೆ. ಅಜಾಗರೂಕತೆಯಿಂದ ಬರೆದ ಪ್ರೋಗ್ರಾಮ್ ಅಲ್ಲೇ ಮುಗ್ಗರಿಸುತ್ತದೆ. ಅದಕ್ಕಿಂತ ಮಿಗಿಲಾಗಿ, ಅದೇ ಕಿಂಡಿಯಲ್ಲಿ ಕಳ್ಳ ತನ್ನ ಆಜ್ಞೆಯನ್ನು ತೂರಿಸಬಹುದು. ಹೆಸರನ್ನು ಪ್ರಶ್ನೆಯೊಳಗೆ ಅಂಟಿಸದೆ ಬೇರೆಯಾಗಿ ಕಳಿಸುವ ಕ್ರಮ ಎಲ್ಲ ಭಾಷೆಗಳಲ್ಲೂ ಇದೆ, ಅದನ್ನೇ ಪಾಲಿಸಬೇಕು. ಜೊತೆಗೆ, ವರದಿ ನೋಡುವವರಿಗೆ ಓದುವ ಅಧಿಕಾರ ಮಾತ್ರ ಇರಲಿ. ಉಗ್ರಾಣದ ಯಂತ್ರಕ್ಕೆ ಸಾಲದ ಖಾತೆ ತಿದ್ದುವ ಅಧಿಕಾರ ಬೇಕಿಲ್ಲ. ಈ ಕಾವಲನ್ನು ಡೇಟಾಬೇಸ್ ತಾನೇ ಕಾಯಬಲ್ಲದು, ಮೇಲಿನ ಭಾಷೆ ಯಾವುದಾದರೂ ಇರಲಿ.

ನಾಲ್ಕನೆಯದು ಜನ. ಸುಗ್ಗಿಯ ನಡುವೆ ಯಂತ್ರ ಕೈಕೊಟ್ಟರೆ ಬಂದು ನೋಡುವವರು ಸಿಗಬೇಕು. ಸುತ್ತಲ ಕಾಲೇಜುಗಳ ಹುಡುಗ ಹುಡುಗಿಯರು ಇಂದು ಎಸ್‌ಕ್ಯೂಎಲ್ ಜೊತೆಗೆ ಪೈಥಾನ್ ಅಥವಾ ಜಾವಾ ಕಲಿತು ಬರುತ್ತಾರೆ. ಇದು ಸಣ್ಣ ಕಾರಣವೆಂದು ತೋರಬಹುದು; ನಮ್ಮ ದೃಷ್ಟಿಯಲ್ಲಿ ವೇಗ, ಅಂದ ಎಲ್ಲಕ್ಕಿಂತ ಇದೇ ಹೆಚ್ಚಿನದು.

ಇವೆಲ್ಲಕ್ಕೂ ಮುಂಚೆ ನಮ್ಮ ಮನೆಯೊಳಗೇ ಆಗಬೇಕಾದ ಕೆಲಸವೊಂದಿದೆ. ನಾಲ್ಕು ವಿಭಾಗಗಳಲ್ಲಿ ಒಬ್ಬ ಸದಸ್ಯನಿಗೆ ನಾಲ್ಕು ಸಂಖ್ಯೆಗಳಿವೆ. ಹೆಸರಿನ ಮೇಲೆ ಹೊಂದಿಸೋಣವೆಂದರೆ ಒಂದೇ ಗ್ರಾಮದಲ್ಲಿ ಮೂವರು ಮಂಜುನಾಥರಿರುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ ಅವರ ಹೆಸರಿಗೆ ಮೂರು ಬಗೆಯ ಕಾಗುಣಿತ. ಎಲ್ಲ ವಿಭಾಗಗಳಿಗೂ ಒಂದೇ ಸದಸ್ಯ ಸಂಖ್ಯೆ ಇಲ್ಲದೆ ಯಾವ ಭಾಷೆಯೂ ಈ ಖಾತೆಗಳನ್ನು ಕೂಡಿಸಲಾರದು. ಇದಕ್ಕೆ ಹಣ ಬೇಡ, ತಾಳ್ಮೆ ಬೇಕು. ಮಳೆಗಾಲದ ಬಿಡುವಿನಲ್ಲಿ ಸದಸ್ಯರು ಪಾಸ್ ಪುಸ್ತಕ ತಂದು ಸಹಕರಿಸಬೇಕು.

ಇದರ ತುರ್ತು ಕಾಫಿ ಬೆಳೆಗಾರರಿಗೆ ಚೆನ್ನಾಗಿ ತಿಳಿದಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ಕಾನೂನಿನಂತೆ, ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆಯಿತೆಂಬುದನ್ನು ಅಕ್ಷಾಂಶ ರೇಖಾಂಶ ಸಹಿತ ತೋರಿಸಬೇಕು. 4 ಹೆಕ್ಟೇರು ಮೀರಿದ ಜಮೀನಿಗೆ ಎಲ್ಲೆಯ ಸುತ್ತಳತೆ. ಅದಕ್ಕಿಂತ ಚಿಕ್ಕ ಹಿಡುವಳಿಗೆ ಒಂದು ಬಿಂದು ಸಾಕು. ಜಾರಿಯ ದಿನ ಮುಂದೆ ಹೋಗಿದೆ ನಿಜ, ಕಾನೂನು ಹೋಗಿಲ್ಲ. ಮೂಟೆಯಿಂದ ತೂಕದ ಚೀಟಿಗೆ, ಚೀಟಿಯಿಂದ ಸದಸ್ಯನಿಗೆ, ಸದಸ್ಯನಿಂದ ಸರ್ವೆ ನಂಬರಿಗೆ, ಅಲ್ಲಿಂದ ಆ ಬಿಂದುವಿಗೆ ಕೊಂಡಿ ಬೇಕು. ಕೋಷ್ಟಕಗಳು ಕೂಡಿಬಂದರೆ ಇದು ಒಂದು ಪ್ರಶ್ನೆಯ ಕೆಲಸ. ಕೂಡದಿದ್ದರೆ, ದೊಡ್ಡ ಎಸ್ಟೇಟುಗಳು ತಮ್ಮ ದಾಖಲೆ ತಾವು ಮಾಡಿಕೊಂಡು ಮುಂದೆ ಹೋಗುತ್ತವೆ. ಮೂರು ನಾಲ್ಕು ಎಕರೆಯ ನಮ್ಮಂಥವರ ಕಾಫಿ ದಾಖಲೆಯಿಲ್ಲದ ಕಾಫಿಯಾಗಿ ಕಡಿಮೆ ಬೆಲೆಗೆ ಹೋಗುತ್ತದೆ.

ಸರ್ಕಾರದ ತಂತ್ರಾಂಶ ಬರುತ್ತದೆ, ಕಾಯೋಣ ಎಂಬ ವಾದವೂ ಇದೆ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದಡಿ ತರಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಸ್ವಾಗತಾರ್ಹ. ಆದರೆ ಅದು ಮುಖ್ಯವಾಗಿ ಪತ್ತಿನ ಸಂಘಗಳಿಗೆ. ನಮ್ಮದು ಮಾರಾಟದ ಸಂಘ. ನಾಳೆ ಅವರ ವ್ಯವಸ್ಥೆಯೊಡನೆ ನಮ್ಮದೂ ಮಾತನಾಡಬೇಕಾದರೆ, ನಮ್ಮ ಮಾಹಿತಿ ಮಾನಕ ರೂಪದಲ್ಲಿರುವುದು ಇನ್ನಷ್ಟು ಅಗತ್ಯ.

ಆದ್ದರಿಂದ ಸಭೆಯ ಮುಂದೆ ನಾವು ಇಡಬಯಸುವ ನಿಬಂಧನೆಗಳು ಇವು. ಮಾಹಿತಿ ಒಂದು ಮುಕ್ತ, ಮಾನಕ ಡೇಟಾಬೇಸಿನಲ್ಲಿ ಇರಬೇಕು. ಪೋಸ್ಟ್‌ಗ್ರೆಸ್ ನಮ್ಮ ಮಟ್ಟಿಗೆ ಸಾಕು, ಪರವಾನಗಿ ಶುಲ್ಕವೂ ಇಲ್ಲ. ಡೇಟಾಬೇಸಿನ ಮುಖ್ಯ ಗುಪ್ತಪದ ಸಂಘದ ತಿಜೋರಿಯಲ್ಲಿ ಮುಚ್ಚಿದ ಲಕೋಟೆಯಲ್ಲಿರಬೇಕು. ಪ್ರೋಗ್ರಾಮಿನ ಮೂಲ ಬರಹ ಮತ್ತು ಪ್ರತಿ ಕೋಷ್ಟಕದ ವಿವರಣೆ ಕನ್ನಡದಲ್ಲಿ ನಮ್ಮ ಕೈಸೇರಿದ ಮೇಲೆಯೇ ಕೊನೆಯ ಕಂತು ಪಾವತಿ. ವರ್ಷಕ್ಕೊಮ್ಮೆ ಎಲ್ಲ ಖಾತೆಗಳನ್ನೂ ಯಾರು ಬೇಕಾದರೂ ಓದಬಲ್ಲ ಸರಳ ಪಠ್ಯ ಕಡತಗಳಾಗಿ ತೆಗೆದು, ಬೇರೊಬ್ಬರಿಂದ ಓದಿಸಿ ಪರೀಕ್ಷಿಸಬೇಕು. ಹಳೆಯ ಮತ್ತು ಹೊಸ ವ್ಯವಸ್ಥೆಗಳು ಒಂದು ಸುಗ್ಗಿ ಪೂರ್ತಿ ಜೊತೆಯಾಗಿ ನಡೆದು, ಬಾಕಿಗಳು ಪೈಸೆಗೆ ಪೈಸೆ ಹೊಂದಿದ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು.

ಇಷ್ಟಕ್ಕೆ ಒಪ್ಪುವವರು ಜಾವಾದಲ್ಲಿ ಮಾಡಲಿ, ಸಿ ಶಾರ್ಪ್‌ನಲ್ಲಿ ಮಾಡಲಿ, ನಮ್ಮ ಅಭ್ಯಂತರವಿಲ್ಲ. ವಿಭಾಗಗಳನ್ನು ಬೆಸೆಯುವ ಸಣ್ಣ ಪ್ರೋಗ್ರಾಮುಗಳಿಗೂ ವರದಿಗಳಿಗೂ, ಸ್ಥಳೀಯವಾಗಿ ಜನ ಸಿಗುವ ಕಾರಣದಿಂದ, ಪೈಥಾನಿನ ಕಡೆ ನಮ್ಮ ಒಲವು. ಮುಂದೆ ಅದು ಹಳತಾದರೆ ಬದಲಿಸಿದರಾಯಿತು, ಖಾತೆಗಳು ಅಲುಗುವುದಿಲ್ಲ. ಒಪ್ಪದವರ ದರ ಅರ್ಧಕ್ಕೆ ಇಳಿದರೂ ಅದು ದುಬಾರಿಯೇ.

ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಸಭೆಗೆ ಹದಿನೈದು ದಿನ ಮುಂಚಿತವಾಗಿ ಬರೆದು ತಿಳಿಸಬೇಕೆಂದು ಕೋರುತ್ತೇವೆ. ಈ ವಿದ್ಯೆ ಬಲ್ಲ ಮಕ್ಕಳಿರುವವರು ಅವರನ್ನೂ ಕರೆತರಲಿ; ದರ ಹೇಳಿದ ಮೂವರನ್ನೂ ಎದುರಿಗೆ ಕೂರಿಸಿಕೊಂಡೇ ಪ್ರಶ್ನೆ ಕೇಳೋಣ. ಅಂದು ರಸೀದಿ ಹಿಡಿದು ಬಂದ ಆ ತಾಯಿಯನ್ನೂ ಸಭೆಗೆ ಬರಬೇಕೆಂದು ಕೇಳಿಕೊಂಡಿದ್ದೇವೆ. ಬರುತ್ತೇನೆ ಎಂದಿದ್ದಾರೆ, ರಸೀದಿಯನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೇನೆ ಎಂದೂ ಹೇಳಿದ್ದಾರೆ.

— ಕಾರ್ಯದರ್ಶಿ